ಮೂವತ್ತು ದಾಳಿಗಳ ಸರದಿ: ಬ್ರಿಟಿಷ್ ಬಾಂಬರ್ ಪಡೆಯ ತರುಣರು, ೧೯೩೯–೧೯೪೫

ಯುದ್ಧದ ಚರಿತ್ರೆಯನ್ನು ಬರೆಯುವವರಿಗೆ ಸಾಮಾನ್ಯವಾಗಿ ಎರಡು ಬಗೆಯ ಆಧಾರಗಳು ದೊರೆಯುತ್ತವೆ. ಆಜ್ಞಾಪತ್ರಗಳು, ಅಂಕಿಅಂಶಗಳು, ಸೇನಾ ಕಚೇರಿಗಳ ನಡವಳಿಗಳು ಒಂದು ಬಗೆ. ಯುದ್ಧದಲ್ಲಿ ಭಾಗಿಗಳಾದವರ ದಿನಚರಿಗಳು, ಪತ್ರಗಳು, ನೆನಪಿನ ಬರಹಗಳು ಇನ್ನೊಂದು ಬಗೆ. ಮೊದಲನೆಯವು ಯುದ್ಧವನ್ನು ಮೇಲಿನಿಂದ ತೋರಿಸುತ್ತವೆ. ಎರಡನೆಯವು ಒಳಗಿನಿಂದ ತೋರಿಸುತ್ತವೆ. ಎರಡೂ ಒಂದೇ ವಿಷಯವನ್ನು ಕುರಿತವಾದರೂ ಅವು ಪರಸ್ಪರ ಸಂಧಿಸುವ ಸ್ಥಳಗಳು ವಿರಳ. ಎರಡನೆಯ ಮಹಾಯುದ್ಧದಲ್ಲಿ ರಾತ್ರಿಯ ವೇಳೆ ಜರ್ಮನಿಯ ಮೇಲೆ ಹಾರಿ ಹೋಗುತ್ತಿದ್ದ ಬ್ರಿಟಿಷ್ ಬಾಂಬರ್ ಪಡೆಯ ಚರಿತ್ರೆಯಲ್ಲಿ ಅಂಥ ಒಂದು ಸಂಧಿಸ್ಥಾನವನ್ನು ನಾವು ಕಾಣುತ್ತೇವೆ. ಅದು ಮೂವತ್ತು ಎಂಬ ಸಂಖ್ಯೆ. ಒಬ್ಬ ವೈಮಾನಿಕನು ಮೂವತ್ತು ದಾಳಿಗಳನ್ನು ಪೂರೈಸಿದರೆ ಅವನ ಮೊದಲ ಸರದಿ ಮುಗಿಯಿತು. ಆಮೇಲೆ ಸುಮಾರು ಆರು ತಿಂಗಳ ಕಾಲ ಅವನಿಗೆ ವಿರಾಮ. ಈ ನಿಯಮವು ಅದನ್ನು ಮಾಡಿದವರಿಗೆ ಏನಾಗಿತ್ತು, ಅದರ ಅಧೀನದಲ್ಲಿ ಬಾಳಿದವರಿಗೆ ಏನಾಗಿತ್ತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ವಿಚಾರಕ್ಕೆ ತೊಡಗುವ ಮುನ್ನ ಒಟ್ಟು ಲೆಕ್ಕವನ್ನು ಹೇಳಿಬಿಡುವುದು ಯುಕ್ತ. ಈ ಪಡೆಯಲ್ಲಿ ವೈಮಾನಿಕರಾಗಿ ಸೇವೆ ಸಲ್ಲಿಸಿದವರು ಸುಮಾರು ೧,೨೫,೦೦೦ ಮಂದಿ. ಅವರಲ್ಲಿ ಮಡಿದವರು ೫೫,೫೭೩, ಗಾಯಗೊಂಡವರು ೮,೪೦೩, ಸೆರೆಸಿಕ್ಕವರು ೯,೮೩೮. ಎಂದರೆ ನೂರಕ್ಕೆ ನಲವತ್ತನಾಲ್ಕು ಮಂದಿ ಹಿಂದಿರುಗಲಿಲ್ಲ. ಇವರ ಸರಾಸರಿ ವಯಸ್ಸು ಇಪ್ಪತ್ತೆರಡರ ಆಸುಪಾಸಿನಲ್ಲಿತ್ತು. ನಮ್ಮಲ್ಲಿ ವಿದ್ಯಾರ್ಥಿಗಳು ಪದವಿಯನ್ನು ಮುಗಿಸಿ ಮುಂದೇನೆಂದು ಯೋಚಿಸುವ ವಯಸ್ಸು ಅದು.

೧

ಈ ತರುಣರಲ್ಲಿ ಯಾರನ್ನೂ ಬಲಾತ್ಕಾರದಿಂದ ವಿಮಾನಕ್ಕೆ ಹತ್ತಿಸಲಿಲ್ಲವೆಂಬುದು ಮೊದಲು ಗಮನಿಸಬೇಕಾದ ಸಂಗತಿ. ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಯಲ್ಲಿದ್ದರೂ ವೈಮಾನಿಕರಾಗುವವರು ತಾವಾಗಿಯೇ ಮುಂದೆ ಬರಬೇಕಾಗಿತ್ತು. ಹಾಗೆ ಬಂದವರಲ್ಲಿ ಬಹು ಮಂದಿ ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದವರ ಮಕ್ಕಳು. ಫ್ರಾನ್ಸಿನ ಕಂದಕಗಳ ಕೆಸರು, ಮುಳ್ಳುತಂತಿ, ವಿಷವಾಯುಗಳ ಕಥೆಯನ್ನು ಅವರು ಮನೆಯಲ್ಲಿಯೇ ಕೇಳಿ ಬೆಳೆದಿದ್ದರು. ತಂದೆಯಂತೆ ಕಾಲಾಳಾಗಿ ಸಾಯುವುದಕ್ಕಿಂತ ಆಕಾಶದಲ್ಲಿ ಹೋರಾಡುವುದು ಮೇಲೆಂಬ ಭಾವನೆ ಅವರಲ್ಲಿ ಬಲವಾಗಿತ್ತು. ಬಾಲ್ಯದಲ್ಲಿ ಕಂಡ ವಿಮಾನ ಪ್ರದರ್ಶನಗಳ ಆಕರ್ಷಣೆಯೂ, ೧೯೪೦ರ ಬೇಸಗೆಯಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನಡೆದ ಕಾಳಗದ ಕೀರ್ತಿಯೂ ಇದಕ್ಕೆ ಸೇರಿದುವು.

ಇವರೆಲ್ಲರೂ ಇಂಗ್ಲೆಂಡಿನವರೇ ಆಗಿರಲಿಲ್ಲ. ೧೯೩೯ರ ಡಿಸೆಂಬರ್ ೧೭ರಂದು ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸರ್ಕಾರಗಳು ಒಟ್ಟಾವ ನಗರದಲ್ಲಿ ಒಂದು ಒಪ್ಪಂದ ಮಾಡಿಕೊಂಡು, ಶತ್ರುವಿಮಾನಗಳು ತಲಪಲಾರದ ಕೆನಡದ ಬಯಲುಗಳಲ್ಲಿ ತರಬೇತಿ ಶಾಲೆಗಳನ್ನು ತೆರೆದುವು. ಯುದ್ಧ ಮುಗಿಯುವುದರೊಳಗೆ ೧,೩೦,೦೦೦ಕ್ಕೂ ಹೆಚ್ಚು ವೈಮಾನಿಕರು ಅಲ್ಲಿ ತಯಾರಾದರು. ಬಾಂಬರ್ ಪಡೆಯಲ್ಲಿ ಮಡಿದ ಕೆನಡದವರೇ ಸುಮಾರು ೧೦,೦೦೦ ಮಂದಿ. ನಾಜಿಗಳ ವಶವಾದ ದೇಶಗಳಿಂದ ತಪ್ಪಿಸಿಕೊಂಡು ಬಂದ ಪೋಲಿಷರೂ ಇತರರೂ ಇವರೊಡನೆ ಸೇರಿದ್ದರು.

ಕೆಲವು ಸ್ಕ್ವಾಡ್ರನ್ನುಗಳ ಹೆಸರುಗಳಲ್ಲಿ ನಮ್ಮ ನಾಡಿನ ಗುರುತೂ ಇದೆ. ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದಿನ ನಿಜಾಮರ ಕಾಣಿಕೆಯಿಂದ ವಿಮಾನಗಳನ್ನು ಪಡೆದ ೧೧೦ನೆಯ ಸ್ಕ್ವಾಡ್ರನ್ನಿಗೆ ‘ಹೈದರಾಬಾದ್’ ಎಂಬ ಹೆಸರಾಯಿತು. ೧೯೩೯ರ ಸೆಪ್ಟೆಂಬರ್ ೪ರಂದು, ಎಂದರೆ ಬ್ರಿಟನ್ ಯುದ್ಧವನ್ನು ಸಾರಿದ ಮರುದಿನವೇ, ವಿಲ್ಹೆಲ್ಮ್ಸ್‌ಹಾವನ್ ಬಂದರಿನ ಬಳಿ ಜರ್ಮನ್ ಯುದ್ಧನೌಕೆಗಳ ಮೇಲೆ ಎರಗಿದ ಬ್ಲೆನ್‌ಹೈಮ್ ವಿಮಾನಗಳಲ್ಲಿ ಈ ಸ್ಕ್ವಾಡ್ರನ್ನಿನವೂ ಇದ್ದುವು. ನಾಲ್ಕು ಇಂಜಿನುಗಳ ಹ್ಯಾಲಿಫ್ಯಾಕ್ಸ್ ಬಾಂಬರನ್ನು ಎಲ್ಲರಿಗಿಂತ ಮೊದಲು ಪಡೆದ ೩೫ನೆಯ ಸ್ಕ್ವಾಡ್ರನ್ನಿನ ಹೆಸರು ‘ಮದರಾಸು ಪ್ರೆಸಿಡೆನ್ಸಿ’. ಬೀದರ, ಕಲಬುರ್ಗಿ, ರಾಯಚೂರುಗಳು ಆಗ ನಿಜಾಮರ ರಾಜ್ಯದಲ್ಲಿಯೂ, ಬಳ್ಳಾರಿ ದಕ್ಷಿಣ ಕನ್ನಡಗಳು ಮದರಾಸು ಪ್ರಾಂತದಲ್ಲಿಯೂ ಸೇರಿದ್ದುವು. ಈ ಪಡೆಯು ಒಂದು ಸಾಮ್ರಾಜ್ಯದ ಪಡೆಯಾಗಿತ್ತೆಂಬುದನ್ನು ಇಂಥ ಹೆಸರುಗಳೇ ಸಾರುತ್ತವೆ.

೨

ವಿಮಾನ ಚಾಲಕ, ದಾರಿಯನ್ನು ಗುಣಿಸುವ ನ್ಯಾವಿಗೇಟರ್, ಬಾಂಬಿನ ಗುರಿಕಾರ, ವೈರ್‌ಲೆಸ್ ಆಪರೇಟರ್, ಗನ್ನರ್ ಎಂದು ಬೇರೆ ಬೇರೆ ಶಾಲೆಗಳಲ್ಲಿ ಕಲಿತವರನ್ನೆಲ್ಲ ಕೊನೆಗೆ ಒಂದು ತರಬೇತಿ ಕೇಂದ್ರಕ್ಕೆ ತಂದು ಸೇರಿಸುತ್ತಿದ್ದರು. ಅಲ್ಲಿ ತಂಡಗಳನ್ನು ಕಟ್ಟುತ್ತಿದ್ದ ಕ್ರಮ ವಿಚಿತ್ರವಾದುದು. ಎಲ್ಲದಕ್ಕೂ ನಮೂನೆ, ನಿಯಮ, ಕ್ರಮಸಂಖ್ಯೆಗಳನ್ನು ಇಟ್ಟುಕೊಂಡಿದ್ದ ವಾಯುಸೇನೆಯು ಈ ಒಂದು ವಿಷಯವನ್ನು ಮಾತ್ರ ತರುಣರಿಗೇ ಬಿಟ್ಟುಕೊಟ್ಟಿತ್ತು. ಅವರನ್ನು ವಿಮಾನಗಳ ದೊಡ್ಡ ಕೊಟ್ಟಿಗೆಯೊಂದರಲ್ಲಿ ಕೂಡಿಸಿ, ತಂಡಗಳನ್ನು ನೀವೇ ಮಾಡಿಕೊಳ್ಳಿರಿ ಎಂದು ಹೇಳುವುದು ರೂಢಿಯಾಗಿತ್ತು. ಪರಿಚಯವಿಲ್ಲದವರು ಒಬ್ಬರನ್ನೊಬ್ಬರು ಮುಖ ನೋಡಿ, ನಾಲ್ಕು ಮಾತನಾಡಿ ಆರಿಸಿಕೊಳ್ಳುತ್ತಿದ್ದರು. ಸಂಜೆಯೊಳಗೆ ತಂಡಗಳು ಸಿದ್ಧವಾಗಿರುತ್ತಿದ್ದುವು. ಮುಂದೆ ನಾಲ್ಕು ಇಂಜಿನುಗಳ ವಿಮಾನವನ್ನು ಕಲಿಯುವಾಗ ಒಬ್ಬ ಇಂಜಿನಿಯರೂ ಎರಡನೆಯ ಗನ್ನರೂ ಸೇರಿಕೊಂಡು ಏಳು ಮಂದಿಯಾಗುತ್ತಿದ್ದರು.

ಈ ಏಳು ಮಂದಿಯಲ್ಲಿ ಅಧಿಕಾರಿಗಳೂ ಇರಬಹುದು, ಸಾರ್ಜೆಂಟುಗಳೂ ಇರಬಹುದು. ನೆಲದ ಮೇಲೆ ಅವರ ಊಟದ ಮನೆಗಳು ಬೇರೆ, ವಸತಿಗಳು ಬೇರೆ. ಆದರೆ ವಿಮಾನದೊಳಗೆ ಚಾಲಕನೇ ನಾಯಕ; ಅವನು ಸಾರ್ಜೆಂಟನಾಗಿದ್ದರೂ ಅಧಿಕಾರಿಯಾದ ನ್ಯಾವಿಗೇಟರನು ಅವನ ಮಾತನ್ನು ನಡೆಸಬೇಕು. ವರ್ಗಭೇದವು ಆಳವಾಗಿ ಬೇರೂರಿದ್ದ ಅಂದಿನ ಇಂಗ್ಲಿಷ್ ಸಮಾಜದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ಬದುಕುಳಿದವರ ಬರಹಗಳಲ್ಲಿ ದೇಶ, ಧ್ಯೇಯ, ರಾಜ ಎಂಬ ಮಾತುಗಳಿಗಿಂತ ತಮ್ಮ ತಂಡದ ಮಾತೇ ಹೆಚ್ಚಾಗಿ ಬರುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು. ಭಯವನ್ನು ಒಬ್ಬನೇ ಹೊರುವುದಕ್ಕಿಂತ ಏಳು ಮಂದಿ ಹಂಚಿಕೊಳ್ಳುವುದು ಸುಲಭವಾಗಿತ್ತು. ತಾನು ಹಿಂಜರಿದರೆ ಉಳಿದ ಆರು ಮಂದಿ ಅಪರಿಚಿತನೊಬ್ಬನೊಡನೆ ಹೋಗಬೇಕಾಗುತ್ತದೆಂಬ ಯೋಚನೆಯು ಅನೇಕರನ್ನು ಮತ್ತೆ ವಿಮಾನಕ್ಕೆ ಹತ್ತಿಸುತ್ತಿತ್ತು.

೩

ಇನ್ನು ಮೂವತ್ತರ ನಿಯಮಕ್ಕೆ ಬರೋಣ. ಯುದ್ಧದ ಮೊದಲ ವರ್ಷಗಳಲ್ಲಿ ಸರದಿಯನ್ನು ಹಾರಾಟದ ಗಂಟೆಗಳಿಂದ ಅಳೆಯುತ್ತಿದ್ದರು. ೧೯೪೧ರಲ್ಲಿ ಅದು ೨೦೦ ಗಂಟೆಯಾಗಿತ್ತು. ೧೯೪೩ರ ಮೇ ತಿಂಗಳಲ್ಲಿ ಮೊದಲ ಸರದಿಗೆ ಮೂವತ್ತು ದಾಳಿಗಳು, ಎರಡನೆಯದಕ್ಕೆ ಇಪ್ಪತ್ತು, ಮುಂದೆ ಹೋಗಿ ಬಣ್ಣದ ದೀಪಗಳಿಂದ ಗುರಿಯನ್ನು ತೋರಿಸುವ ಪಾತ್‌ಫೈಂಡರ್ ಪಡೆಯವರಿಗೆ ಒಂದೇ ಸಮನಾಗಿ ನಲವತ್ತೈದು ಎಂದು ಗೊತ್ತುಮಾಡಿದರು. ಮೊದಲ ಸರದಿಯನ್ನು ಮುಗಿಸಿದವರನ್ನು ಸಾಮಾನ್ಯವಾಗಿ ತರಬೇತಿ ಕೇಂದ್ರಗಳಿಗೆ ಶಿಕ್ಷಕರನ್ನಾಗಿ ಕಳಿಸುತ್ತಿದ್ದರು. ಅಲ್ಲಿಯೂ ಅಪಾಯ ತಪ್ಪಿದ್ದಲ್ಲ. ಹಳೆಯ ವಿಮಾನಗಳು, ಅನುಭವವಿಲ್ಲದ ಹುಡುಗರು, ಇಂಗ್ಲೆಂಡಿನ ಮಂಜು ಇವೆಲ್ಲ ಸೇರಿ, ಒಟ್ಟು ಮೃತರಲ್ಲಿ ಎಂಟು ಸಾವಿರದಷ್ಟು ಮಂದಿ ತರಬೇತಿಯೇ ಮೊದಲಾದ ಯುದ್ಧೇತರ ಹಾರಾಟಗಳಲ್ಲಿ ಸತ್ತರು.

ಮೂವತ್ತು ಎಂಬುದು ಕೇಳುವುದಕ್ಕೆ ಸಣ್ಣ ಸಂಖ್ಯೆ. ಅದರ ಅರ್ಥ ತಿಳಿಯಬೇಕಾದರೆ ಸ್ವಲ್ಪ ಗಣಿತ ಬೇಕು. ಪ್ರತಿ ದಾಳಿಯಲ್ಲಿಯೂ ನೂರಕ್ಕೆ ಎರಡು ವಿಮಾನಗಳು ನಷ್ಟವಾಗುತ್ತವೆಂದು ಇಟ್ಟುಕೊಳ್ಳೋಣ. ಹೊರಟ ನೂರು ತಂಡಗಳಲ್ಲಿ ಮೂವತ್ತು ದಾಳಿಗಳ ಕೊನೆಗೆ ಉಳಿಯುವುವು ಸುಮಾರು ಐವತ್ತೈದು. ನಷ್ಟವು ನೂರಕ್ಕೆ ನಾಲ್ಕಾದರೆ ಉಳಿಯುವುವು ಇಪ್ಪತ್ತೊಂಬತ್ತು, ಐದಾದರೆ ಇಪ್ಪತ್ತೊಂದು. ಇಡೀ ಯುದ್ಧದಲ್ಲಿ ಈ ಪಡೆಯು ನಡೆಸಿದ ಸುಮಾರು ೩,೬೪,೦೦೦ ದಾಳಿ ಹಾರಾಟಗಳಲ್ಲಿ ೮,೩೦೦ಕ್ಕೂ ಹೆಚ್ಚು ವಿಮಾನಗಳು ಹೋದುವು. ಇದು ನೂರಕ್ಕೆ ಎರಡೂಕಾಲಿನಷ್ಟಾಗುತ್ತದೆ. ಈ ಸರಾಸರಿಯಲ್ಲಿ ಮೂವತ್ತನ್ನು ಮುಗಿಸುವ ಸಂಭವ ಅರ್ಧಕ್ಕರ್ಧ. ೧೯೪೩ರ ನವೆಂಬರಿನಿಂದ ೧೯೪೪ರ ಮಾರ್ಚಿಯವರೆಗೆ ನಡೆದ ಬರ್ಲಿನ್ ಕಾಳಗದ ಚಳಿಗಾಲದಲ್ಲಿ ಸಂಭವವು ಇದಕ್ಕಿಂತ ಬಹಳ ಕಡಿಮೆಯಾಗಿತ್ತು. ಆ ಅವಧಿಯಲ್ಲಿ ನಷ್ಟವಾದ ವಿಮಾನಗಳು ೧,೦೪೭. ಅದರ ಕೊನೆಯಲ್ಲಿ, ಮಾರ್ಚಿ ೩೦ರ ರಾತ್ರಿ, ನ್ಯೂರಂಬರ್ಗಿಗೆ ಹೊರಟ ೭೯೫ ವಿಮಾನಗಳಲ್ಲಿ ೯೫ ಹಿಂದಿರುಗಲಿಲ್ಲ. ಆ ಒಂದು ರಾತ್ರಿಯಲ್ಲಿ ಸತ್ತ ವೈಮಾನಿಕರು ೫೪೦ಕ್ಕೂ ಹೆಚ್ಚು ಮಂದಿ. ೧೯೪೦ರಲ್ಲಿ ಬ್ರಿಟನ್ನಿನ ರಕ್ಷಣೆಗಾಗಿ ಮೂರು ತಿಂಗಳಿಗೂ ಮಿಗಿಲಾಗಿ ನಡೆದ ಕಾಳಗದಲ್ಲಿ ಫೈಟರ್ ಪಡೆಯು ಕಳೆದುಕೊಂಡವರ ಸಂಖ್ಯೆಯೂ ಹೆಚ್ಚು ಕಡಿಮೆ ಇಷ್ಟೇ.

ಸಂಖ್ಯೆಯೊಂದು ಆಡಳಿತದ ಉಪಕರಣವಾದಾಗ ಅದನ್ನು ಹಿಗ್ಗಿಸುವ ಕುಗ್ಗಿಸುವ ಪ್ರಯತ್ನಗಳೂ ನಡೆಯುತ್ತವೆ. ೧೯೪೪ರ ವಸಂತದಲ್ಲಿ, ಮಿತ್ರಸೈನ್ಯಗಳು ಫ್ರಾನ್ಸಿಗೆ ಇಳಿಯುವ ಮುನ್ನ, ಅಲ್ಲಿಯ ರೈಲು ದಾರಿಗಳ ಮೇಲೆ ದಾಳಿಗಳಾಗತೊಡಗಿದುವು. ಇವು ಜರ್ಮನಿಯ ದಾಳಿಗಳಿಗಿಂತ ಸುಲಭವೆಂದು ಎಣಿಸಿ, ಫ್ರಾನ್ಸಿನ ಒಂದು ದಾಳಿಯನ್ನು ಸರದಿಯಲ್ಲಿ ಮೂರನೆಯ ಒಂದು ಭಾಗವಾಗಿ ಮಾತ್ರ ಲೆಕ್ಕಹಿಡಿಯಬೇಕೆಂದು ಆಜ್ಞೆಯಾಯಿತು. ಮೇ ೩ರ ರಾತ್ರಿ ಮೈಯೀ-ಲ-ಕಾಂ ಎಂಬಲ್ಲಿಯ ಸೈನಿಕ ಶಿಬಿರದ ಮೇಲೆ ಹೋದ ಲ್ಯಾಂಕಾಸ್ಟರುಗಳಲ್ಲಿ ೪೨ ನಾಶವಾದುವು. ಆ ಬಳಿಕ ಆಜ್ಞೆಯನ್ನು ಹಿಂತೆಗೆದುಕೊಂಡರು. ಸಾವು ಮಾತ್ರ ಮೂರನೆಯ ಒಂದು ಭಾಗವಾಗಿ ಬರುವುದಿಲ್ಲವೆಂದು ತರುಣರು ಆಡಿಕೊಳ್ಳುತ್ತಿದ್ದುದು ಸಹಜವೇ.

೪

ಒಂದು ದಾಳಿಯೆಂದರೆ ಏನೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಬೆಳಗ್ಗೆ ಹಲಗೆಯ ಮೇಲೆ ತಂಡಗಳ ಹೆಸರು ಕಾಣುತ್ತಿತ್ತು. ಮಧ್ಯಾಹ್ನ ಎಲ್ಲರನ್ನೂ ಸೇರಿಸಿ, ಗೋಡೆಯ ಭೂಪಟದ ಮೇಲಿನ ಪರದೆಯನ್ನು ಸರಿಸುತ್ತಿದ್ದರು. ದಾರಿಯನ್ನು ತೋರಿಸುವ ಕೆಂಪು ದಾರವು ಎಲ್ಲಿಗೆ ಹೋಗಿ ಮುಟ್ಟಿದೆಯೆಂಬುದನ್ನು ನೋಡಿದೊಡನೆ ಆ ರಾತ್ರಿಯ ಗತಿ ತಿಳಿಯುತ್ತಿತ್ತು. ಹೊರಡುವ ಮುನ್ನ ಮೊಟ್ಟೆಯ ಊಟ. ಸಾಮಾನ್ಯ ಜನರಿಗೆ ಮೊಟ್ಟೆ ರೇಷನ್ನಿನಲ್ಲಿ ಅಪರೂಪವಾಗಿ ಸಿಕ್ಕುತ್ತಿದ್ದ ಕಾಲ ಅದು. ಮನೆಗೆ ಬರೆದ ಕೊನೆಯ ಪತ್ರವನ್ನು ಕೆಲವರು ಪೆಟ್ಟಿಗೆಯಲ್ಲಿ ಇಟ್ಟು ಹೋಗುತ್ತಿದ್ದರು. ಮೊಲದ ಕಾಲು, ಪ್ರೇಯಸಿಯ ಕುತ್ತಿಗೆ ವಸ್ತ್ರ, ಚಿಕ್ಕ ಗೊಂಬೆ ಹೀಗೆ ಯಾವುದಾದರೊಂದು ರಕ್ಷೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳದ ತಂಡವೇ ವಿರಳ. ಗಣಿತ, ಯಂತ್ರಶಾಸ್ತ್ರಗಳನ್ನು ಕಲಿತಿದ್ದವರು ಶಕುನಗಳನ್ನು ಇಷ್ಟು ನಂಬಿದ್ದು ಆಶ್ಚರ್ಯವೆನಿಸಬಹುದು. ವಿದ್ಯೆಯಿಂದಾಗಲಿ ಧೈರ್ಯದಿಂದಾಗಲಿ ತಡೆಯಲಾಗದ ಒಂದು ಭಾಗ ತಮ್ಮ ಬದುಕಿನಲ್ಲಿದೆಯೆಂದು ಅವರು ಅರಿತಿದ್ದರೆಂಬುದಕ್ಕೆ ಇದು ಸಾಕ್ಷಿಯೆಂದು ನಮಗೆ ತೋರುತ್ತದೆ.

ಬರ್ಲಿನ್ನಿಗೆ ಹೋಗಿಬರಲು ಏಳೆಂಟು ಗಂಟೆ ಬೇಕಾಗಿತ್ತು. ಹತ್ತು ಸಾವಿರ ಅಡಿಗಳ ಮೇಲೆ ಆಮ್ಲಜನಕದ ಮುಖವಾಡ ಧರಿಸಬೇಕು. ಬಾಲದ ತುದಿಯ ಗಾಜಿನ ಗೋಪುರದಲ್ಲಿ ಕೂತ ಗನ್ನರನು ವಿದ್ಯುತ್ತಿನಿಂದ ಕಾಯುವ ಉಡುಪನ್ನು ತೊಟ್ಟಿದ್ದರೂ ಚಳಿಯಿಂದ ಬೆರಳುಗಳು ಸೆಟೆಯುತ್ತಿದ್ದುವು. ಅವನಿಗೆ ಸಂಗಾತಿಗಳು ಕಾಣುತ್ತಿರಲಿಲ್ಲ. ಕಿವಿಯ ಫೋನಿನಲ್ಲಿ ಬರುವ ಧ್ವನಿಯೊಂದೇ ಸಂಬಂಧ. ಗುರಿಯ ಮೇಲೆ ಬಂದಾಗ ಸರ್ಚ್‌ಲೈಟುಗಳ ನಡುವೆ, ಸಿಡಿಯುವ ಗುಂಡುಗಳ ನಡುವೆ, ವಿಮಾನವನ್ನು ನೇರವಾಗಿ ಸಮನಾಗಿ ನಡೆಸಬೇಕು. ಬಾಂಬು ಬಿದ್ದ ಮೇಲೂ ತಿರುಗುವಂತಿಲ್ಲ. ಬಾಂಬು ಎಲ್ಲಿ ಬಿದ್ದಿತೆಂಬುದಕ್ಕೆ ಕ್ಯಾಮೆರಾ ಸಾಕ್ಷಿ ಹೇಳಬೇಕಾಗಿದ್ದುದರಿಂದ ಇನ್ನೂ ಸುಮಾರು ಅರ್ಧ ನಿಮಿಷ ಹಾಗೆಯೇ ಸಾಗಬೇಕು. ಆ ಅರ್ಧ ನಿಮಿಷವು ಅನೇಕರ ನೆನಪಿನಲ್ಲಿ ಇಡೀ ರಾತ್ರಿಗಿಂತ ದೀರ್ಘವಾಗಿ ಉಳಿದಿದೆ.

ಬೆಳಗಿನ ಜಾವ ಹಿಂದಿರುಗಿದವರಿಗೆ ಚಹ ಮತ್ತು ರಮ್ ಕೊಟ್ಟು, ಅಧಿಕಾರಿಯೊಬ್ಬನು ವರದಿ ಬರೆದುಕೊಳ್ಳುತ್ತಿದ್ದನು. ಬಾರದವರ ಮಂಚದ ಬಳಿಯ ಬಟ್ಟೆಬರೆ, ಪತ್ರ, ಚಿತ್ರಗಳನ್ನು ಅದಕ್ಕಾಗಿಯೇ ನೇಮಕವಾದವರು ಬಂದು ಕಟ್ಟಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನದೊಳಗೆ ಆ ಮಂಚದಲ್ಲಿ ಹೊಸಬರು ಬರುತ್ತಿದ್ದರು. ಅದೇ ಸಂಜೆ ದಾಳಿಯಿಲ್ಲದಿದ್ದರೆ ಉಳಿದವರು ಹಳ್ಳಿಯ ಪಾನಗೃಹದಲ್ಲಿ ಹಾಡುತ್ತಲೋ ನೃತ್ಯಶಾಲೆಯಲ್ಲಿ ಕುಣಿಯುತ್ತಲೋ ಇರುವುದೂ ಉಂಟು. ಕಂದಕದ ಸೈನಿಕನು ಯುದ್ಧಭೂಮಿಯಲ್ಲಿಯೇ ವಾಸಮಾಡುತ್ತಿದ್ದನು. ಇವರು ದಿನವೂ ಶಾಂತಿಯಿಂದ ಯುದ್ಧಕ್ಕೆ ಹೋಗಿ ಶಾಂತಿಗೆ ಮರಳುತ್ತಿದ್ದರು. ಈ ಹೋಗಿಬರುವಿಕೆಯೇ ಸಹಿಸಲು ಕಷ್ಟವಾಗಿತ್ತೆಂದು ಹಲವರು ಹೇಳಿದ್ದಾರೆ.

೫

ಇಷ್ಟು ಸಾವುಗಳ ನಡುವೆ ಈ ತರುಣರನ್ನು ನಡೆಸಿದ ನಂಬಿಕೆ ಯಾವುದು? ಮೊದಲ ಐದಾರು ದಾಳಿಗಳು ಅತ್ಯಂತ ಅಪಾಯಕರ. ಅವನ್ನು ದಾಟಿದರೆ ಅನುಭವವು ಕಾಪಾಡುತ್ತದೆ, ಕುಶಲವಾದ ತಂಡ ಉಳಿಯುತ್ತದೆ ಎಂಬುದು. ಮೇಲಿನ ಅಧಿಕಾರಿಗಳು ಹೀಗೆಯೇ ಬೋಧಿಸುತ್ತಿದ್ದರು. ಯುದ್ಧದ ಮೊದಲ ಭಾಗದ ಅಂಕಿಗಳೂ ಇದಕ್ಕೆ ಆಧಾರವಾಗಿದ್ದುವು.

ಹೈ ವಿಕೋಂಬ್ ಬಳಿಯಿದ್ದ ಪಡೆಯ ಮುಖ್ಯ ಕಚೇರಿಯಲ್ಲಿ ವಿಜ್ಞಾನಿಗಳ ಒಂದು ಶಾಖೆಯು ಪ್ರತಿ ದಾಳಿಯ ಲೆಕ್ಕಗಳನ್ನು ಪರಿಶೀಲಿಸುತ್ತಿತ್ತು. ಮುಂದೆ ಭೌತವಿಜ್ಞಾನಿಯೆಂದು ಖ್ಯಾತರಾದ ಫ್ರೀಮನ್ ಡೈಸನ್ನರು ೧೯೪೩ರಲ್ಲಿ ಆ ಶಾಖೆಯನ್ನು ಸೇರಿದಾಗ ಅವರಿಗೆ ಹತ್ತೊಂಬತ್ತು ವರ್ಷ. ವಿಮಾನವೇರಿ ಸಾಯುತ್ತಿದ್ದವರದೂ ಹೆಚ್ಚು ಕಡಿಮೆ ಅದೇ ವಯಸ್ಸು. ಅನುಭವಕ್ಕೂ ಉಳಿವಿಗೂ ಇರುವ ಸಂಬಂಧವನ್ನು ಅವರು ಪರೀಕ್ಷಿಸಿದರು. ೧೯೪೨ರಲ್ಲಿ ಕಾಣುತ್ತಿದ್ದ ಸಂಬಂಧವು ೧೯೪೪ರ ವೇಳೆಗೆ ಅಳಿಸಿಹೋಗಿತ್ತೆಂದು ಅಂಕಿಗಳಿಂದ ತಿಳಿಯಿತು. ಹಳಬರೂ ಹೊಸಬರೂ ಒಂದೇ ಪ್ರಮಾಣದಲ್ಲಿ ನಾಶವಾಗುತ್ತಿದ್ದರು. ಕಾರಣವು ಆಮೇಲೆ ಸ್ಪಷ್ಟವಾಯಿತು. ಜರ್ಮನರ ರಾತ್ರಿಯ ಫೈಟರುಗಳು ಮೇಲ್ಮುಖವಾಗಿ ಓರೆಯಾಗಿ ಜೋಡಿಸಿದ ತೋಪುಗಳನ್ನು ಹೊಂದಿದ್ದುವು. ಬಾಂಬರಿನ ಕೆಳಗೆ ಕಾಣದಂತೆ ಬಂದು ಹೊಟ್ಟೆಗೆ ಹೊಡೆಯುತ್ತಿದ್ದುವು. ಕೆಳಗನ್ನು ನೋಡುವ ಕಿಟಕಿಯೇ ಇಲ್ಲದ ಗನ್ನರನ ಎಚ್ಚರವಾಗಲಿ ಚಾಲಕನ ಕೌಶಲವಾಗಲಿ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಈ ನಿರ್ಣಯವನ್ನು ಮೇಲಿನವರು ಮನ್ನಿಸಲಿಲ್ಲವೆಂದೂ ಅದು ತಂಡಗಳ ಕಿವಿಗೆ ಬೀಳಲಿಲ್ಲವೆಂದೂ ಡೈಸನ್ನರು ತಮ್ಮ ನೆನಪಿನ ಬರಹಗಳಲ್ಲಿ ಹೇಳಿದ್ದಾರೆ.

ಅವರು ಹೇಳುವ ಇನ್ನೊಂದು ಸಂಗತಿಯನ್ನೂ ಇಲ್ಲಿ ಕೂಡಿಸಬೇಕು. ಹೊಡೆತ ತಿಂದ ಹ್ಯಾಲಿಫ್ಯಾಕ್ಸಿನಿಂದ ನೂರಕ್ಕೆ ಸುಮಾರು ಇಪ್ಪತ್ತೈದು ಮಂದಿ ಪ್ಯಾರಾಷೂಟಿನಿಂದ ಪಾರಾಗುತ್ತಿದ್ದರೆ, ಲ್ಯಾಂಕಾಸ್ಟರಿನಿಂದ ಪಾರಾಗುತ್ತಿದ್ದವರು ಹದಿನೈದು ಮಂದಿ ಮಾತ್ರ. ಲ್ಯಾಂಕಾಸ್ಟರಿನ ಮುಂಭಾಗದ ನೆಲದಲ್ಲಿದ್ದ ಪಾರುಗಂಡಿಯ ಅಗಲ ೨೨ ಅಂಗುಲ. ಹ್ಯಾಲಿಫ್ಯಾಕ್ಸಿನದು ೨೪ ಅಂಗುಲ. ದಪ್ಪ ಉಡುಪನ್ನು ತೊಟ್ಟು, ಪ್ಯಾರಾಷೂಟನ್ನು ಕಟ್ಟಿಕೊಂಡು, ಗಿರ್ರನೆ ತಿರುಗುತ್ತ ಬೀಳುವ ವಿಮಾನದಲ್ಲಿ ಕತ್ತಲೆಯಲ್ಲಿ ಹುಡುಕಿಕೊಂಡು ಬರುವವನಿಗೆ ಈ ಎರಡು ಅಂಗುಲಗಳ ಬೆಲೆ ದೊಡ್ಡದು. ಗಂಡಿಯನ್ನು ದೊಡ್ಡದು ಮಾಡಿಸಬೇಕೆಂದು ಅದೇ ಶಾಖೆಯ ಸಹೋದ್ಯೋಗಿಯೊಬ್ಬರು ಎರಡು ವರ್ಷ ಹೋರಾಡಿದರು. ಒಪ್ಪಿಗೆ ದೊರೆತು ಕೆಲಸವಾಗುವ ಹೊತ್ತಿಗೆ ಯುದ್ಧವೇ ಮುಗಿಯುತ್ತ ಬಂದಿತ್ತು.

ಇವೆರಡೂ ಸಂಗತಿಗಳನ್ನು ಒಂದೇ ತೂಕದಲ್ಲಿ ಎಣಿಸಬಾರದೆಂದು ನಮ್ಮ ಅಭಿಪ್ರಾಯ. ಅನುಭವವು ಕಾಪಾಡುತ್ತದೆಂಬ ನಂಬಿಕೆಯನ್ನು ಒಡೆಯದೆ ಬಿಟ್ಟುದಕ್ಕೆ ಒಂದು ಸಮಾಧಾನವನ್ನು ಹೇಳಬಹುದು: ಅದು ಸುಳ್ಳಾಗಿದ್ದರೂ ಅದರ ಬಲದಿಂದ ತಂಡಗಳು ಎಚ್ಚರವಾಗಿದ್ದುವು, ಅಭ್ಯಾಸವನ್ನು ಬಿಡಲಿಲ್ಲ, ಮನಸ್ಸು ಮುರಿಯಲಿಲ್ಲ. ಗಂಡಿಯ ವಿಷಯದಲ್ಲಿ ಅಂಥ ಸಮಾಧಾನವಿಲ್ಲ. ಅಲ್ಲಿ ತಿಳಿವಳಿಕೆ ಇತ್ತು, ಪರಿಹಾರವೂ ಇತ್ತು, ಕೊರತೆಯಾದದ್ದು ಅವಸರ. ಬಾಂಬನ್ನು ಹೆಚ್ಚು ಹೊರುವುದಕ್ಕಾಗಿ ವಿಮಾನದಲ್ಲಿ ಬದಲಾವಣೆಗಳಾಗುತ್ತಿದ್ದ ವೇಗವನ್ನು ನೋಡಿದರೆ ಈ ತಡವು ಎದ್ದು ಕಾಣುತ್ತದೆ.

೬

ಮೂವತ್ತನ್ನು ತಲಪಲಾರೆನೆಂದು ನಡುವೆ ನಿಂತವನ ಗತಿಯೇನು? ಅದಕ್ಕೂ ಒಂದು ಹೆಸರಿತ್ತು: ‘ಲ್ಯಾಕ್ ಆಫ್ ಮಾರಲ್ ಫೈಬರ್’, ಎಂದರೆ ನೈತಿಕ ಸತ್ತ್ವದ ಅಭಾವ. ೧೯೪೦ರಲ್ಲಿ ರೂಪುಗೊಂಡ ಈ ಕ್ರಮದ ಪ್ರಕಾರ, ವೈದ್ಯರು ರೋಗವಿದೆಯೆಂದು ಹೇಳದಿದ್ದಲ್ಲಿ, ಹಾರಲಾರೆನೆಂದವನ ಎದೆಯ ಮೇಲಿನ ರೆಕ್ಕೆಯ ಗುರುತನ್ನು ಕಿತ್ತು, ಸಾರ್ಜೆಂಟನಾದರೆ ಕೆಳಗಿನ ದರ್ಜೆಗೆ ಇಳಿಸಿ ಕೀಳು ಕೆಲಸಗಳಿಗೆ ಹಾಕುತ್ತಿದ್ದರು. ಸಂಗಾತಿಗಳಿಗೆ ಸೋಂಕು ತಗಲೀತೆಂಬಂತೆ ಅವನನ್ನು ನೆಲೆಯಿಂದ ತಟ್ಟನೆ ಸಾಗಿಸುತ್ತಿದ್ದರು. ಇಪ್ಪತ್ತು ದಾಳಿಗಳನ್ನು ಮಾಡಿ ಇಪ್ಪತ್ತೊಂದನೆಯದಕ್ಕೆ ನಿಂತವನಿಗೂ ಮೊದಲ ದಾಳಿಗೇ ನಿಂತವನಿಗೂ ಹೆಸರು ಒಂದೇ. ಹೀಗೆ ಗುರುತು ಹಚ್ಚಿಸಿಕೊಂಡವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಅದರ ಭಯವು ಎಲ್ಲರನ್ನೂ ಮುಟ್ಟಿತ್ತು.

ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ವೈದ್ಯರಾಗಿದ್ದು ಮುಂದೆ ಚರ್ಚಿಲ್ಲರ ವೈದ್ಯರೂ ಆದ ಲಾರ್ಡ್ ಮೋರಾನರು ೧೯೪೫ರಲ್ಲಿ ಧೈರ್ಯವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಧೈರ್ಯವೆಂಬುದು ಬ್ಯಾಂಕಿನಲ್ಲಿ ಇಟ್ಟ ಹಣದಂತೆ. ಖರ್ಚಾಗುತ್ತ ಹೋದರೆ ಎಂಥವನದಾದರೂ ಒಂದು ದಿನ ಬರಿದಾಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಮೂವತ್ತರ ಮಿತಿಯನ್ನು ಗೊತ್ತುಮಾಡಿದಾಗ ವಾಯುಸೇನೆಯು ಈ ತತ್ತ್ವವನ್ನು ಒಪ್ಪಿಕೊಂಡಂತೆಯೇ ಆಯಿತು. ಆದರೆ ಮಿತಿಗೆ ಮೊದಲೇ ಬರಿದಾದವನಲ್ಲಿ ಮಾತ್ರ ಅದು ಶೀಲದ ದೋಷವನ್ನು ಕಂಡಿತು. ಒಂದೇ ಸಂಸ್ಥೆಯು ಪರಸ್ಪರ ವಿರುದ್ಧವಾದ ಎರಡು ತತ್ತ್ವಗಳನ್ನು ಏಕಕಾಲದಲ್ಲಿ ಆಚರಿಸಿದುದಕ್ಕೆ ಇದು ನಿದರ್ಶನ.

೭

ಇಲ್ಲಿಯವರೆಗೆ ವಿಮಾನದೊಳಗಿನವರನ್ನು ಕುರಿತು ಹೇಳಿದ್ದಾಯಿತು. ಕೆಳಗಿದ್ದವರ ಮಾತನ್ನು ಬಿಟ್ಟರೆ ಈ ಚರಿತ್ರೆ ಅಪೂರ್ಣ. ೧೯೪೧ರ ಆಗಸ್ಟಿನಲ್ಲಿ ಬಟ್ ಎಂಬ ಅಧಿಕಾರಿಯು ಆರುನೂರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಪರೀಕ್ಷಿಸಿ, ಗ��ರಿಯನ್ನು ಹೊಡೆದೆವೆಂದು ವರದಿ ಮಾಡಿದ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಗುರಿಯ ಐದು ಮೈಲಿಗಳೊಳಗೆ ಬಂದಿತ್ತೆಂದು ತೋರಿಸಿದನು. ಹೊಗೆ ಕವಿದ ರೂರ್ ಪ್ರದೇಶದಲ್ಲಿ ಈ ಪ್ರಮಾಣ ಹತ್ತರಲ್ಲೊಂದು. ಕಾರ್ಖಾನೆಯನ್ನು ಹೊಡೆಯಲಾಗದಿದ್ದರೆ ಊರನ್ನು ಹೊಡೆಯಬಹುದೆಂಬ ವಾದಕ್ಕೆ ಇದರಿಂದ ಬಲ ಬಂದಿತು. ೧೯೪೨ರ ಫೆಬ್ರವರಿ ೧೪ರ ನಿರ್ದೇಶದಲ್ಲಿ ಶತ್ರುದೇಶದ ನಾಗರಿಕರ, ವಿಶೇಷವಾಗಿ ಕಾರ್ಖಾನೆಯ ಕೆಲಸಗಾರರ ಮನಸ್ಥೈರ್ಯವನ್ನೇ ದಾಳಿಗಳ ಕೇಂದ್ರವನ್ನಾಗಿ ಮಾಡಿದರು. ಅದೇ ತಿಂಗಳಲ್ಲಿ ಪಡೆಯ ನಾಯಕತ್ವಕ್ಕೆ ಬಂದ ಆರ್ಥರ್ ಹ್ಯಾರಿಸರು ಇದನ್ನು ಪೂರ್ಣಮನಸ್ಸಿನಿಂದ ನಡೆಸಿದರು. ೧೯೪೩ರ ಜುಲೈ ೨೭ರ ರಾತ್ರಿ ಹಾಂಬರ್ಗಿನಲ್ಲಿ ಬೆಂಕಿಗಳೆಲ್ಲ ಒಂದಾಗಿ ಬಿರುಗಾಳಿಯೆದ್ದಿತು. ಆ ವಾರದ ದಾಳಿಗಳಲ್ಲಿ ಸತ್ತವರು ಮೂವತ್ತನಾಲ್ಕರಿಂದ ನಲವತ್ತು ಸಾವಿರ. ಇಡೀ ಯುದ್ಧದಲ್ಲಿ ಬ್ರಿಟಿಷರ ಮತ್ತು ಅಮೆರಿಕನರ ಬಾಂಬುಗಳಿಂದ ಸತ್ತ ಜರ್ಮನ್ ನಾಗರಿಕರ ಸಂಖ್ಯೆಯನ್ನು ಮೂರೂವರೆ ಲಕ್ಷದಿಂದ ಆರು ಲಕ್ಷದವರೆಗೆ ಅಂದಾಜು ಮಾಡಿದ್ದಾರೆ. ಯುದ್ಧಕಾಲದಲ್ಲಿಯೇ, ೧೯೪೪ರ ಫೆಬ್ರವರಿ ೯ರಂದು, ಬಿಷಪ್ ಜಾರ್ಜ್ ಬೆಲ್ಲರು ಪ್ರಭುಗಳ ಸಭೆಯಲ್ಲಿ ಎದ್ದು ನಿಂತು ಈ ನೀತಿಯನ್ನು ಪ್ರಶ್ನಿಸಿದರು.

ಹದಿನೆಂಟು ಸಾವಿರ ಅಡಿಗಳ ಎತ್ತರದಿಂದ ತರುಣರಿಗೆ ಕಾಣುತ್ತಿದ್ದುದು ಕೆಂಪು ಹಸುರು ದೀಪಗಳ ಗೊಂಚಲು, ಹರಡುತ್ತಿದ್ದ ಹೊಳಪು. ಅವರ ಗಮನವೆಲ್ಲ ಇಂಧನ, ದಿಕ್ಕು, ಹಿಂದಿನ ಕತ್ತಲೆಗಳಲ್ಲಿ ನೆಟ್ಟಿತ್ತು. ಕೆಳಗೆ ಜನರಿದ್ದಾರೆಂಬ ಯೋಚನೆ ಕೆಲವರಿಗೆ ಆಗಲೇ ಬಂದಿತ್ತು. ಅನೇಕರಿಗೆ ಯುದ್ಧ ಮುಗಿದು ವರ್ಷಗಳು ಕಳೆದ ಮೇಲೆ ಬಂದಿತು. ಲಂಡನ್, ಕವೆಂಟ್ರಿಗಳಲ್ಲಿ ತಮ್ಮವರ ಮನೆಗಳು ಸುಟ್ಟುದನ್ನು ಕಂಡಿದ್ದವರಿಗೆ ಇದು ಪ್ರತೀಕಾರವಾಗಿಯೂ ತೋರಿತ್ತು. ನಾಜಿ ಆಳ್ವಿಕೆಯನ್ನು ಕೊನೆಗಾಣಿಸುವುದಕ್ಕೆ ಬೇರೆ ದಾರಿ ಕಾಣದಿದ್ದ ವರ್ಷಗಳಲ್ಲಿ ಅವರು ಹಾರಿದರೆಂಬುದನ್ನೂ ಮರೆಯಲಾಗದು.

ಇವರತ್ತ ಗುಂಡು ಹಾರಿಸುತ್ತಿದ್ದವರು ಯಾರೆಂಬುದೂ ವಿಚಾರಿಸತಕ್ಕ ವಿಷಯ. ೧೯೪೩ರ ಫೆಬ್ರವರಿಯಿಂದ ಜರ್ಮನಿಯು ಹದಿನೈದು ಹದಿನಾರು ವರ್ಷದ ಶಾಲಾಬಾಲಕರನ್ನು ವಿಮಾನವಿರೋಧಿ ಫಿರಂಗಿಗಳ ಸಹಾಯಕರನ್ನಾಗಿ ಕರೆಸಿಕೊಂಡಿತು. ಉಪಾಧ್ಯಾಯರು ಫಿರಂಗಿಗಳ ಬಳಿಗೇ ಹೋಗಿ ಅವರಿಗೆ ಪಾಠ ಹೇಳುತ್ತಿದ್ದರು. ೧೯೨೭ರಲ್ಲಿ ಹುಟ್ಟಿದ ಇಬ್ಬರು, ಮುಂದೆ ಲೇಖಕನಾದ ಗುಂಟರ್ ಗ್ರಾಸ್ ಮತ್ತು ಮುಂದೆ ಪೋಪರಾದ ಜೋಸೆಫ್ ರಾಟ್ಸಿಂಗರ್, ಇಂಥ ಬಾಲಕರಲ್ಲಿ ಸೇರಿದ್ದರು. ಮೇಲೆ ಇಪ್ಪತ್ತೆರಡರವರು, ಕೆಳಗೆ ಹದಿನಾರರವರು. ನಡುವೆ ಮೂರು ಮೈಲಿಗಳ ಕತ್ತಲೆ.

೮

ಯುದ್ಧ ಮುಗಿದ ಮೇಲೆ ಬ್ರಿಟನ್ನು ಈ ಪಡೆಯ ವಿಷಯದಲ್ಲಿ ಬಹುಕಾಲ ಸಂಕೋಚವನ್ನು ತೋರಿಸಿತು. ಪ್ರತ್ಯೇಕ ಪದಕವನ್ನು ಕೊಡಲಿಲ್ಲ. ೨೦೧೩ರಲ್ಲಿ, ಬದುಕಿದ್ದವರು ತೊಂಬತ್ತರ ಆಚೀಚೆಯವರಾಗಿದ್ದಾಗ, ಪದಕದ ಪಟ್ಟಿಗೆ ಸಿಕ್ಕಿಸುವ ಒಂದು ಕೊಂಡಿಯನ್ನು ಕೊಟ್ಟಿತು. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕವು ಅನಾವರಣಗೊಂಡುದು ೨೦೧೨ರ ಜೂನ್ ೨೮ರಂದು. ಬಾಂಬುಗಳಿಂದ ಎಲ್ಲ ದೇಶಗಳಲ್ಲಿ ಸತ್ತವರನ್ನು ನೆನೆಯುವ ಮಾತೊಂದನ್ನು ಅದರಲ್ಲಿ ಸೇರಿಸಿದ್ದಾರೆ. ಈ ಸಂಕೋಚಕ್ಕೆ ಕಾರಣ ಸ್ಪಷ್ಟ. ನೀತಿಯನ್ನು ಕುರಿತ ಅನುಮಾನವು ನೀತಿಯನ್ನು ರೂಪಿಸಿದವರನ್ನು ಬಿಟ್ಟು, ಅದನ್ನು ಹೊತ್ತು ಹಾರಿದ ತರುಣರ ಮೇಲೆ ಬಿದ್ದಿತು.

ಇತಿಹಾಸಕಾರನು ಇಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆ ಇಡಬೇಕೆಂದು ನಮಗೆ ತೋರುತ್ತದೆ. ಹಾಂಬರ್ಗಿನ ಮೃತರನ್ನು ತೋರಿಸಿ ಈ ತರುಣರ ಸಹನೆಯನ್ನು ಅಲ್ಲಗಳೆಯುವುದಾಗಲಿ, ಇವರ ೫೫,೫೭೩ ಸಾವುಗಳನ್ನು ತೋರಿಸಿ ಹಾಂಬರ್ಗಿನ ಪ್ರಶ್ನೆಯನ್ನು ಮುಚ್ಚುವುದಾಗಲಿ ಸರಿಯಾದ ಕ್ರಮವಲ್ಲ. ಒಂದು ಲೆಕ್ಕದಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ. ಎರಡಕ್ಕೂ ಉತ್ತರ ಹೇಳಬೇಕಾದವರು ಮಾತ್ರ ಒಬ್ಬರೇ: ಗುರಿಯನ್ನು ಗೊತ್ತುಮಾಡಿದವರು, ಮೂವತ್ತನ್ನು ಗೊತ್ತುಮಾಡಿದವರು, ಗಂಡಿಯ ಅಗಲವನ್ನು ಗೊತ್ತುಮಾಡಿದವರು.

ಈ ಯುದ್ಧದ ಅಧಿಕೃತ ಚರಿತ್ರೆಯನ್ನು ಸರ್ ಚಾರ್ಲ್ಸ್ ವೆಬ್‌ಸ್ಟರ್ ಮತ್ತು ನೋಬಲ್ ಫ್ರ್ಯಾಂಕ್‌ಲಂಡ್ ಇಬ್ಬರೂ ನಾಲ್ಕು ಸಂಪುಟಗಳಲ್ಲಿ ೧೯೬೧ರಲ್ಲಿ ಪ್ರಕಟಿಸಿದರು. ಇವರಲ್ಲಿ ಫ್ರ್ಯಾಂಕ್‌ಲಂಡರು ತಾರುಣ್ಯದಲ್ಲಿ ಅದೇ ಪಡೆಯ ನ್ಯಾವಿಗೇಟರಾಗಿದ್ದವರು. ಆ ಸಂಪುಟಗಳು ಪಡೆಯ ಸಾಧನೆಯನ್ನು ಮುಖವಿಚ್ಚೆಯಿಲ್ಲದೆ ತೂಗಿ ನೋಡಿದುದರಿಂದ ಆಗ ದೊಡ್ಡ ವಿವಾದವೆದ್ದಿತು. ತಮ್ಮವರ ತ್ಯಾಗಕ್ಕೆ ಅಪಚಾರವಾಯಿತೆಂದು ಹಲವರು ನೊಂದುಕೊಂಡರು. ಒಳಗಿನಿಂದ ಕಂಡಿದ್ದವರೇ ಮೇಲಿನ ಕಾಗದಗಳನ್ನು ತೆರೆದು, ತಮ್ಮ ಸಂಗಾತಿಗಳನ್ನು ಯಾವುದಕ್ಕಾಗಿ ಕಳಿಸಿದರೆಂದು ವಿಚಾರಿಸಿದ್ದು ಅಪಚಾರವೆಂದು ನಾವು ತಿಳಿಯುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಯುದ್ಧಚರಿತ್ರೆಯನ್ನು ಅಭ್ಯಾಸ ಮಾಡುವಾಗ ಈ ಎರಡು ಬಗೆಯ ಆಧಾರಗಳನ್ನೂ ಕೂಡಿಸಿ ಓದುವ ಪದ್ಧತಿಯನ್ನು ಅವಲಂಬಿಸಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.